ಡಬ್ಬಿಯ ಮೇಲಿನ ಅಂಕಿ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಅಂಕಿಗಳ ಜತೆಯೇ ಬಾಳಿದವನು ನಾನು. ಅಲ್ಲಿ ಅಂಕಿ ದೊಡ್ಡದಾದಷ್ಟೂ ಸಂತೋಷ. ಎಂಜಿನ್ ಆಯಿಲ್ ಡಬ್ಬಿಯ ಅಂಕಿಗೆ ಆ ಲೆಕ್ಕ ನಡೆಯದು.

ಡಬ್ಬಿಯ ಮೇಲೆ ‘5ಡಬ್ಲ್ಯು-30’ ಎಂದಿರುತ್ತದೆ. ಈ ಡಬ್ಲ್ಯು ‘ವೆಯ್ಟ್’ ಅಲ್ಲ, ‘ವಿಂಟರ್’; ಅಂದರೆ ಚಳಿಗಾಲ. ಅದಕ್ಕೆ ಮೊದಲಿನ ಅಂಕಿ ಕಡಿಮೆಯಿದ್ದಷ್ಟೂ ಎಣ್ಣೆ ಚಳಿಯಲ್ಲಿ ಸರಾಗವಾಗಿ ಹರಿಯುತ್ತದೆ. ಕೊನೆಯ ಅಂಕಿ, ಎಂಜಿನ್ ಕಾದು ಎಣ್ಣೆ 100 ಡಿಗ್ರಿ ಮುಟ್ಟಿದಾಗ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಾಣಲೆಯಲ್ಲಿ ನೀರಾಗುವುದನ್ನು ಅಜ್ಜಿಯರು ಕಂಡೇ ಇದ್ದಾರೆ.

ಕಳೆದ ತಿಂಗಳು ಮಗನ ಹೊಸ ಕಾರನ್ನು ಸರ್ವಿಸಿಗೆ ಒಯ್ದಾಗ ಗ್ಯಾರೇಜಿನವರು, “ನಮ್ಮ ಸೆಕೆಗೆ 20ಡಬ್ಲ್ಯು-50 ಹಾಕ್ಸಿ ಸಾರ್, ಮಂದ ಇದ್ರೆ ಎಂಜಿನ್ ಗಟ್ಟಿ” ಎಂದರು. ಮೊಮ್ಮಗಳು ಕಾರಿನ ಪುಸ್ತಕ ತೆಗೆದು, “ತಾತ, ಇದ್ರಲ್ಲಿ 5ಡಬ್ಲ್ಯು-30 ಅಂತಿದೆ” ಎಂದಳು. ಅದನ್ನೇ ಹಾಕಿಸಿದೆವು. ಹೊಸ ಎಂಜಿನ್ನುಗಳ ಸಂದುಗಳು ಕಿರಿದು. ಅತಿ ಮಂದವಾದ ಎಣ್ಣೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಪೆಟ್ರೋಲಿನ ಖರ್ಚೂ ಹೆಚ್ಚು. ಹಾಗೆಂದು ಮಂದ ಎಣ್ಣೆ ಬೇಡುವ ಹಳೆಯ ಎಂಜಿನ್ನಿಗೆ ತೀರಾ ತೆಳುವಾದದ್ದೂ ಸಲ್ಲದು. ಬಿಸಿಯಲ್ಲಿ ಎಣ್ಣೆಯ ಪದರ ನಿಲ್ಲುವುದಿಲ್ಲ.

ಮಕ್ಕಳೇ, ನಿಮ್ಮ ಮನೆಯ ಕಾರಿನ ಪುಸ್ತಕದಲ್ಲಿ ಆ ಅಂಕಿ ಹುಡುಕಿ, ಚೀಟಿಯಲ್ಲಿ ಬರೆದು ಅಪ್ಪ-ಅಮ್ಮನ ಕೈಗೆ ಕೊಡಿ. ಹಿರಿಯರೇ, ಮಕ್ಕಳು ಓದಿ ಹೇಳಿದರೆ ಕಿವಿಗೊಡಿ.