ರಸ್ತೆ ಮತ್ತು ರೆಕ್ಕೆ

ರಸ್ತೆಗೂ ಹಕ್ಕಿಗೂ ಮೊದಲಿನಿಂದಲೇ ಹಗೆಯಿತ್ತೆಂದು ತಿಳಿಯಬೇಕಾದುದಿಲ್ಲ. ದಾರಿಯ ಎರಡು ಬದಿಗಳಲ್ಲಿಯೂ ಆಲದ ಮರಗಳನ್ನು ನೆಡಿಸಿದುದಾಗಿ ಅಶೋಕ ಚಕ್ರವರ್ತಿಯು ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ದನಕರುಗಳಿಗೂ ನೆರಳಾಗಲೆಂಬುದು ಅವನ ಉದ್ದೇಶ. ಆದರೆ ಆಲವು ಹಣ್ಣಾದಾಗ ಆ ಔತಣಕ್ಕೆ ಮೊದಲು ಬಂದು ಸೇರುವವು ಹಕ್ಕಿಗಳೆಂಬುದನ್ನು ಸಾಲುಮರದ ಕೆಳಗೆ ನಡೆದವರೆಲ್ಲರೂ ಬಲ್ಲರು. ಗಾಡಿಯಿಂದ ಉದುರಿದ ಕಾಳು ಗುಬ್ಬಿಗೆ, ಹಳೆಯ ಮರದ ಪೊಟರೆ ಗಿಳಿಗೆ. ಎತ್ತಿನ ನಡಿಗೆಗಿಂತ ರೆಕ್ಕೆಯ ಬೀಸು ವೇಗವಾಗಿದ್ದವರೆಗೆ ಈ ಸ್ನೇಹಕ್ಕೆ ಭಂಗವಿರಲಿಲ್ಲ. ಮೋಟಾರು ಬಂದ ಮೇಲೆ ಲೆಕ್ಕ ತಿರುಗಿತು.

ಹಾಗೆ ತಿರುಗಿದ ಲೆಕ್ಕವನ್ನು ತಾಳ್ಮೆಯಿಂದ ಬರೆದಿಟ್ಟವರಲ್ಲಿ ಅಮೆರಿಕದ ಚಾರ್ಲ್ಸ್ ಬ್ರೌನ್, ಮೇರಿ ಬ್ರೌನ್ ಎಂಬಿಬ್ಬರು ವಿದ್ವಾಂಸರು ಮುಖ್ಯರು. ಕಡಿದಾದ ಬಂಡೆಗಳಿಗೆ ಹಸಿಮಣ್ಣನ್ನು ಉಂಡೆಯುಂಡೆಯಾಗಿ ಮೆತ್ತಿ ಸೋರೆಬುರುಡೆಯಂಥ ಗೂಡನ್ನು ಕಟ್ಟುವ ಅಂಬರಗುಬ್ಬಿಯ ಜಾತಿಯೊಂದು ಆ ದೇಶದಲ್ಲುಂಟು. ನೆಬ್ರಾಸ್ಕ ರಾಜ್ಯದಲ್ಲಿ ರಸ್ತೆಗಳು ಬೆಳೆದಂತೆಲ್ಲ ಇವು ಬಂಡೆಗಳಿಂದ ಸೇತುವೆ ಮೋರಿಗಳ ಅಡಿಗೆ ಬಂದು ಗುಂಪುಗುಂಪಾಗಿ ನೆಲಸಿದುವು. ಮನೆಯನ್ನು ಕೊಟ್ಟ ರಸ್ತೆಯೇ ಪ್ರಾಣವನ್ನೂ ಕೊಳ್ಳುತ್ತಿತ್ತು. 1983ರಿಂದ 2012ರವರೆಗೆ, ಮೂವತ್ತು ವರ್ಷಗಳ ಕಾಲ, ಇವರಿಬ್ಬರೂ ಅವೇ ರಸ್ತೆಗಳಲ್ಲಿ ಹೋಗಿ ಬಂದು, ವಾಹನಕ್ಕೆ ಸಿಕ್ಕಿ ಸತ್ತ ಹಕ್ಕಿಗಳನ್ನು ಎತ್ತಿ, ರೆಕ್ಕೆಯನ್ನು ಅಳೆದು ಬರೆದಿಟ್ಟರು. ಮೊದಮೊದಲು ವರ್ಷಕ್ಕೆ ಸುಮಾರು 20 ದೊರೆಯುತ್ತಿದ್ದುವು. ಕೊನೆಕೊನೆಗೆ 5ಕ್ಕೂ ಕಡಿಮೆ. ಹಕ್ಕಿಗಳ ಸಂಖ್ಯೆಯಾದರೋ ಆ ವೇಳೆಗೆ ಹೆಚ್ಚಿತ್ತು, ವಾಹನಗಳೂ ಕಡಿಮೆಯಾಗಿರಲಿಲ್ಲ. ಸತ್ತವುಗಳ ರೆಕ್ಕೆ ಉದ್ದ. ಬದುಕಿದವುಗಳ ರೆಕ್ಕೆ ಬರಬರುತ್ತ ಗಿಡ್ಡ. ಗಿಡ್ಡ ರೆಕ್ಕೆಯ ಹಕ್ಕಿಯು ನೆಲದಿಂದ ನೆಟ್ಟಗೆ ಮೇಲೇಳಬಲ್ಲುದು, ತಟ್ಟನೆ ತಿರುಗಬಲ್ಲುದು. ಬೇರೆ ಕಾರಣಗಳೂ ಇದರೊಡನೆ ಕೂಡಿರಬಹುದು. ಆದರೂ ರಸ್ತೆಯು ಹಕ್ಕಿಗಳನ್ನು ಸೋಸಿ ತೆಗೆದಂತೆ ತೋರಿತು.

ಇದನ್ನು ಕೇಳಿದ ಮನುಷ್ಯನಿಗೆ ಒಂದು ಬಗೆಯ ಸಮಾಧಾನವಾಗುವುದು ಸಹಜ. ಹಕ್ಕಿಯು ಕಲಿತುಕೊಂಡಿತು, ಪ್ರಕೃತಿಯು ತನ್ನ ದಾರಿಯನ್ನು ತಾನೇ ಕಂಡುಕೊಂಡಿತು ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ಆದರೆ ಯಾವ ಹಕ್ಕಿಯೂ ತನ್ನ ರೆಕ್ಕೆಯನ್ನು ಗಿಡ್ಡ ಮಾಡಿಕೊಳ್ಳಲಿಲ್ಲ. ಉದ್ದ ರೆಕ್ಕೆಯವು ಸತ್ತುವು, ಅಷ್ಟೆ. ಬದುಕಿದವುಗಳ ಚಾತುರ್ಯವೆಂದು ನಾವು ಕೊಂಡಾಡುವುದರ ಬೆಲೆಯನ್ನು ಸತ್ತವು ತೆತ್ತಿವೆ. ಅಲ್ಲದೆ ಆ ಬೆಲೆಯನ್ನು ತೆರುವಷ್ಟು ಸಿರಿವಂತಿಕೆ ಎಲ್ಲ ಕುಲಗಳಿಗೂ ಇರುವುದಿಲ್ಲ. ಅದೇ ಅಮೆರಿಕದ ಪಶ್ಚಿಮ ಭಾಗದಲ್ಲಿ, ರಸ್ತೆಯ ಮೇಲೆ ಬಿದ್ದ ಜಿಂಕೆಯ ಹೆಣವನ್ನು ತಿನ್ನಲು ಹೊನ್ನಬಣ್ಣದ ದೊಡ್ಡ ಹದ್ದು ಇಳಿಯುತ್ತದೆ. ಹೊಟ್ಟೆ ತುಂಬಿದ ಆ ಭಾರದ ಹಕ್ಕಿ ಗಾಡಿ ಬಂದಾಗ ಬೇಗನೆ ಏಳಲಾರದು. ಮರಿಗಳೋ ವರ್ಷಕ್ಕೆ ಒಂದೋ ಎರಡೋ. ಸಾವಿರಗಳಲ್ಲಿ ಬದುಕುವ ಅಂಬರಗುಬ್ಬಿಗೆ ಸಂದ ಉಪಾಯವು ಇದಕ್ಕೆ ಸಲ್ಲುವುದೆಂತು?

ಇಷ್ಟಾಗಿಯೂ ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟವೊಂದುಂಟು. ಅದನ್ನು ಅಳೆಯುವುದಕ್ಕಾಗಿ 2012ರ ಶರತ್ಕಾಲದಲ್ಲಿ ಐಡಹೊ ರಾಜ್ಯದ ವಿದ್ವಾಂಸರು ಒಂದು ಸೋಜಿಗದ ಪ್ರಯೋಗವನ್ನು ಮಾಡಿದರು. ರಸ್ತೆಯೇ ಇಲ್ಲದ ಗುಡ್ಡದ ಏಣಿನಲ್ಲಿ ಅರ್ಧ ಕಿಲೋಮೀಟರಿನುದ್ದಕ್ಕೂ ಧ್ವನಿವರ್ಧಕಗಳನ್ನು ನಿಲ್ಲಿಸಿ, ವಾಹನಗಳ ಸದ್ದನ್ನು ನಾಲ್ಕು ದಿನ ನುಡಿಸಿ ನಾಲ್ಕು ದಿನ ನಿಲ್ಲಿಸುತ್ತ ಬಂದರು. ಗಾಡಿಯಿಲ್ಲ, ಹೊಗೆಯಿಲ್ಲ, ಒಂದು ಮರವನ್ನೂ ಕಡಿದಿರಲಿಲ್ಲ, ಸದ್ದು ಮಾತ್ರ. ಸದ್ದಿದ್ದ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕಿಂತ ಹೆಚ್ಚು ಇಳಿಯಿತು. ಉಳಿದವುಗಳಲ್ಲಿಯೂ ಕೆಲವು ದೂರಪಯಣಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಸಲಾರದೆ ಹೋದುವು. ಶತ್ರುವಿನ ಸಪ್ಪಳವು ಕಿವಿಗೆ ಕೇಳದಿದ್ದರೆ ಕಣ್ಣಿನಿಂದಲೇ ಕಾಯಬೇಕು. ತಲೆಯೆತ್ತಿ ಕಾಯುವ ಹಕ್ಕಿ ತಲೆ ತಗ್ಗಿಸಿ ತಿನ್ನುವುದು ಯಾವಾಗ? ಹೀಗೆ ಒಂದು ಹೆಣವೂ ಬೀಳದೆ ರಸ್ತೆಯ ಬದಿಯ ಕಾಡು ಬರಿದಾಗಬಹುದು.

ಆದರೆ ಸದ್ದಿನಿಂದಾದ ಕೇಡಿಗೆ ಒಂದು ಒಳ್ಳೆಯ ಗುಣವಿದೆ. ಸದ್ದು ನಿಂತರೆ ಅದೂ ಹಿಂದೆಗೆಯುತ್ತದೆ. 2020ರಲ್ಲಿ ಮಹಾಮಾರಿಯ ಭಯದಿಂದ ಊರುಗಳು ಬಾಗಿಲು ಮುಚ್ಚಿದಾಗ ಸಾನ್ ಫ್ರಾನ್ಸಿಸ್ಕೊ ನಗರದ ಸುತ್ತ ವಾಹನಗಳ ಸದ್ದು 1950ರ ದಶಕದ ನಡುಗಾಲದ ಮಟ್ಟಕ್ಕೆ ಇಳಿಯಿತು. ಅಲ್ಲಿಯ ಬಿಳಿಪಟ್ಟೆ ನೆತ್ತಿಯ ಗುಬ್ಬಿಗಳು ಅದುವರೆಗೆ ಗದ್ದಲದ ಮೇಲೆ ಕೂಗಿ ಹಾಡುತ್ತಿದ್ದುವು. ಕೆಲವೇ ವಾರಗಳಲ್ಲಿ ಅವು ದನಿಯನ್ನು ತಗ್ಗಿಸಿದುವು. ಆದರೂ ಆ ಮೆಲುದನಿ ಮೊದಲಿನ ಎರಡರಷ್ಟು ದೂರಕ್ಕೆ ಕೇಳಿಸಿತು. ಹಾಡು ಮರೆತುಹೋಗಿರಲಿಲ್ಲ, ಅದಕ್ಕೆ ಎಡೆಯಿರಲಿಲ್ಲ.

ಮಹಾಮಾರಿಯೇ ಬಂದು ಎಡೆ ಮಾಡಿಕೊಡಬೇಕೆಂದೇನೂ ಇಲ್ಲ. ಮನುಷ್ಯನು ಮನಸ್ಸು ಮಾಡಿದರೂ ಆದೀತು. ನಮ್ಮ ಬಂಡೀಪುರದ ಕಾಡನ್ನು ಹಾದುಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರಕ್ಕೆ ತಡೆ ಬಂದಿತು. ಆಗ ಜನರ ಬಾಯಲ್ಲಿದ್ದುದು ಆನೆ, ಹುಲಿ, ಜಿಂಕೆಗಳ ಮಾತು. ಆದರೆ ಹಗಲಿನ ಬಿಸುಪನ್ನು ಉಳಿಸಿಕೊಂಡ ರಸ್ತೆಯ ಮೇಲೆ ಇರುಳಿನಲ್ಲಿ ಬಂದು ಕೂರುವ, ದೀಪದ ಬೆಳಕಿಗೆ ಕಂಗೆಟ್ಟು ಗಾಲಿಗೆ ಸಿಕ್ಕುವ ನತ್ತಿಂಗಕ್ಕೂ ಆ ಒಂಬತ್ತು ಗಂಟೆಗಳು ದಕ್ಕಿದುವು. ಅಶೋಕನ ನೆರಳಿನಂತೆ ಇದೂ ಕೇಳದವರಿಗೆ ಸಂದ ದಾನ. ಆ ಹೊತ್ತಿನಲ್ಲಿ ಸುತ್ತುದಾರಿ ಹಿಡಿಯುವವರಿಗೆ ತೊಂದರೆಯಿಲ್ಲವೆಂದಲ್ಲ. ಸರಕಿನ ಲಾರಿಗೆ ಒಂದು ರಾತ್ರಿ ಹೆಚ್ಚು ಹಿಡಿದರೆ ಅದರ ಹೊರೆ ಬಡವನ ಮೇಲೆಯೂ ಬೀಳುತ್ತದೆ. ಅದನ್ನೂ ತೂಗಿ ನೋಡಬೇಕು. ತೂಗುವಾಗ ಒಂದನ್ನು ನೆನೆದರೆ ಸಾಕು: ಗಾಡಿಯ ವೇಗವನ್ನು ಒಂದು ಪಾದದೊತ್ತಿನಿಂದ ತಗ್ಗಿಸಬಹುದು; ರೆಕ್ಕೆಯ ಅಳತೆ ತಗ್ಗುವುದಕ್ಕೆ ಮೂವತ್ತು ವರ್ಷಗಳೂ ಲೆಕ್ಕಕ್ಕೆ ಸಿಕ್ಕದ ಸಾವುಗಳೂ ಬೇಕಾದುವು.