ಪರದೆಯ ಮೇಲಣ ಪ್ರಳಯ

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಿರುತ್ತಾರೆ. ಬೋರ್ಡಿಂಗಿನ ಗಂಟೆಯನ್ನೂ ಅಂಗಳದ ಬೇವಿನ ಮರವನ್ನೂ ನನಗಿಂತ ಸೊಗಸಾಗಿ ವರ್ಣಿಸಬಲ್ಲವರು ಬಹುಮಂದಿ ಇದ್ದಾರೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಮೂವತ್ತು ವರ್ಷಕಾಲ ಹುಡುಗಿಯರಿಗೆ ವಿಜ್ಞಾನವನ್ನು ಕಲಿಸಿ ನಿವೃತ್ತಳಾದ ನನಗೆ ಲೋಕನಾಶದ ಸಿನಿಮಾಗಳನ್ನು ನೋಡುವ ಚಪಲವುಂಟು. ಇದನ್ನೋದಿ ನನ್ನ ಶಿಷ್ಯೆಯರು ನಗಬಹುದು, ನಗಲಿ.

“ಅವುಗಳಲ್ಲಿರುವ ವಿಜ್ಞಾನವೆಲ್ಲ ಸುಳ್ಳಲ್ಲವೇ ಟೀಚರ್? ನೀವು ಹೇಗೆ ಸಹಿಸಿಕೊಳ್ಳುತ್ತೀರಿ?” ಎಂದು ಹಲವರು ಕೇಳಿರುತ್ತಾರೆ. ಸುಳ್ಳೆಂಬುದು ದಿಟ. 1998ರಲ್ಲಿ ಬಂದ ‘ಆರ್ಮಗೆಡ್ಡನ್’ ಎಂಬ ಚಿತ್ರದಲ್ಲಿ ಟೆಕ್ಸಾಸ್ ಸಂಸ್ಥಾನದಷ್ಟು ದೊಡ್ಡ ಬಂಡೆಯೊಂದನ್ನು ಒಂದೇ ಅಣುಬಾಂಬಿನಿಂದ ಇಬ್ಭಾಗ ಮಾಡಿಬಿಡುತ್ತಾರೆ. ನಿಜವಾಗಿ 2022ರ ಸೆಪ್ಟೆಂಬರ್ ತಿಂಗಳಲ್ಲಿ ನಾಸಾದವರು ಡಾರ್ಟ್ ಎಂಬ ನೌಕೆಯನ್ನು ಸುಮಾರು 160 ಮೀಟರ್ ಅಡ್ಡಳತೆಯ ಡೈಮಾರ್ಫಸ್ ಎಂಬ ಕಲ್ಲುಗುಂಡಿಗೆ ಡಿಕ್ಕಿ ಹೊಡೆಸಿ, ಅದು ತನ್ನ ಜೊತೆಗಾರನನ್ನು ಸುತ್ತುವ ಕಾಲವನ್ನು 32 ನಿಮಿಷಗಳಷ್ಟು ಕಡಿಮೆ ಮಾಡಿದರು. ಸದ್ಯಕ್ಕೆ ಮನುಷ್ಯನ ಕೈಗೆ ಎಟುಕಿರುವದು ಅಷ್ಟೇ. 2004ರ ‘ದಿ ಡೇ ಆಫ್ಟರ್ ಟುಮಾರೋ’ ಚಿತ್ರದಲ್ಲಿ ಆಕಾಶದ ಮೇಲಣ ಶೀತವಾಯುವು ಕೆಳಗಿಳಿದು ಜನರನ್ನು ನಿಂತಲ್ಲಿಯೇ ಮರಗಟ್ಟಿಸುತ್ತದೆ. ಅತಿ ವೇಗವಾಗಿ ಇಳಿಯುವದರಿಂದ ಆ ಗಾಳಿಗೆ ಬಿಸಿಯಾಗುವದಕ್ಕೆ ಸಮಯವಿಲ್ಲವೆಂದು ಅಲ್ಲಿನ ಪಂಡಿತರು ಸಮಾಧಾನ ಹೇಳುತ್ತಾರೆ! ಇಳಿಯುವ ಒಣಗಾಳಿಯು ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯೇರುವದು. ವೇಗವು ಅದನ್ನು ತಡೆಯಲಾರದು. ಸೈಕಲ್ಲಿಗೆ ಅವಸರವಾಗಿ ಗಾಳಿ ಹೊಡೆದು ಪಂಪಿನ ಬುಡವನ್ನು ಮುಟ್ಟಿ ನೋಡಿದ ಹುಡುಗಿಯೂ ಇದನ್ನು ಬಲ್ಲಳು.

ಹೀಗಿದ್ದರೂ ಎರಡನ್ನೂ ಸಂತೋಷದಿಂದಲೇ ನೋಡಿದೆನು. ತಪ್ಪನ್ನು ಹಿಡಿಯುವದೂ ಒಂದು ಸುಖವಷ್ಟೆ. ಹನುಮಂತನು ಸಮುದ್ರವನ್ನು ಹಾರಿದನೆಂದರೆ ಅವನ ಕಾಲಿನ ಬಲವೆಷ್ಟೆಂದು ನಾವು ಲೆಕ್ಕ ಹಾಕುವೆವೇ? ಕಥೆಗೆ ಒಂದು ಅಸಂಭವವನ್ನು ಬಾಗಿಲಲ್ಲಿಯೇ ಕೊಟ್ಟು ಒಳಗೆ ಹೋಗತಕ್ಕದ್ದೆಂಬುದು ಬಹುಕಾಲ ನನ್ನ ಅಭಿಪ್ರಾಯವಾಗಿತ್ತು. ಅದನ್ನು ಅಲುಗಿಸಿದ್ದು ‘2012’ ಎಂಬ ಚಿತ್ರ.

ನನ್ನ ತಂದೆಯವರು ಕೋಲಾರದ ಚಿನ್ನದ ಗಣಿಯಲ್ಲಿ ನೌಕರರಾಗಿದ್ದರು. ಮೂರು ಕಿಲೋಮೀಟರಿಗಿಂತಲೂ ಆಳವಾಗಿದ್ದ ಆ ಗಣಿಯ ತಳದಲ್ಲಿ ಬಂಡೆಯೇ ಸುಡುತ್ತಿತ್ತೆಂದು ಅವರು ಹೇಳುತ್ತಿದ್ದರು. ನಾನು ಚಿಕ್ಕವಳಾಗಿದ್ದಾಗ, ಚಿನ್ನವನ್ನು ಹುಡುಕದ ಕೆಲವರು ಕೇಜಿನಲ್ಲಿ ಕೂಡ ಇಳಿಯುವರೆಂದು ಅವರು ಹೇಳಿದ್ದು ನೆನಪಿದೆ. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೂ ಕೂಡಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಸುಳಿವನ್ನು 1965ರಲ್ಲಿ ಕಂಡರು. ಬೇರೆ ಕಣಗಳನ್ನು ಮೇಲಿನ ಬಂಡೆಯು ತಡೆದುಬಿಡುವದು. ನ್ಯೂಟ್ರಿನೋವನ್ನು ಯಾವ ಬಂಡೆಯೂ ತಡೆಯಲಾರದು. ಅದಕ್ಕಾಗಿಯೇ ಅಷ್ಟು ಆಳ. ಆ ಗಣಿಗಳು 2001ರಲ್ಲಿ ಮುಚ್ಚಿಹೋದವು.

ಎಂಟು ವರ್ಷಗಳ ಮೇಲೆ, 2009ರ ನವೆಂಬರಿನಲ್ಲಿ, ತಮ್ಮನ ಮಗಳೊಡನೆ ಬೆಂಗಳೂರಿನಲ್ಲಿ ‘2012’ನ್ನು ನೋಡಲು ಕುಳಿತೆನು. ಚಿತ್ರವು ಮೊದಲಾಗುವದೇ ಭಾರತದ ಒಂದು ಆಳವಾದ ಗಣಿಯಲ್ಲಿ! ಚಿನ್ನಕ್ಕೆ ಬದಲಾಗಿ ತಾಮ್ರವೆಂದಿದ್ದಾರೆ. ಸತ್ನಾಮನೆಂಬ ಭಾರತೀಯ ವಿಜ್ಞಾನಿಯು ಅಮೆರಿಕದ ತನ್ನ ಸ್ನೇಹಿತನಿಗೆ ಗಣಿಯ ತಳದಲ್ಲಿ ನೀರು ಕುದಿಯುತ್ತಿರುವದನ್ನು ತೋರಿಸುತ್ತಾನೆ; ಸೂರ್ಯನಿಂದ ಬಂದ ನ್ಯೂಟ್ರಿನೋಗಳು ಮಾರ್ಪಟ್ಟು ಭೂಮಿಯ ಗರ್ಭವನ್ನು ಕಾಯಿಸುತ್ತಿವೆಯಂತೆ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆನು. ನೀರನ್ನು ಕುದಿಸುವ ಕಣವು ಆ ನೀರಿನ ಪಕ್ಕದಲ್ಲಿ ನಿಂತವರನ್ನು ಬಿಟ್ಟೀತೇ? ನಮ್ಮ ಮೈಯೂ ಬಹುಪಾಲು ನೀರೇ ಅಲ್ಲವೇ?

ಆದರೆ ಚಿತ್ರದ ಕೊನೆಯ ಭಾಗದಲ್ಲಿ ನಗು ನಿಂತುಹೋಯಿತು. ಧನಿಕರೂ ಅಧಿಕಾರಿಗಳೂ ನೋಹನ ನಾವೆಯಂಥ ಭಾರಿ ಹಡಗುಗಳನ್ನೇರುತ್ತಾರೆ. ವಿಪತ್ತನ್ನು ಮೊತ್ತಮೊದಲು ಕಂಡುಹಿಡಿದ ಸತ್ನಾಮನೋ ಹೆಂಡತಿ ಮಗನೊಡನೆ ವಿಮಾನಕ್ಕಾಗಿ ಕಾಯುತ್ತಾನೆ. ವಿಮಾನವು ಬರುವದಿಲ್ಲ. ಸ್ನೇಹಿತನಿಗೆ ಫೋನು ಮಾಡಿ ಅದನ್ನು ತಿಳಿಸುತ್ತಾನೆ. ಆಮೇಲೆ ಅಲೆಯು ಬರುತ್ತದೆ.

ಗಣಿಯೂರಿನವರಿಗೆ ಈ ಕಾಯುವಿಕೆಯು ಗೊತ್ತು. ಭೂಮಿಯ ಒಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ನಡುಗುತ್ತಿದ್ದವು. ಒಂದು ರಾತ್ರಿ ಹಾಗೆ ನಡುಗಿದಾಗ ತಾಯಿಯವರು ದೀಪವನ್ನೂ ಹೊತ್ತಿಸದೆ ಸೆರಗು ಹೊದ್ದು ಶಾಫ್ಟಿನ ಬಾಯಿಗೆ ಓಡಿದರು. ನಾನೂ ಹಿಂದೆಯೇ ಓಡಿದೆನು. ಅಲ್ಲಿ ಆಗಲೇ ಎಷ್ಟೋ ಹೆಂಗಸರು ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ಕೇಜು ಮೇಲೆ ಬಂದಾಗಲೆಲ್ಲ ಎಲ್ಲರೂ ಒಂದು ಹೆಜ್ಜೆ ಮುಂದಕ್ಕೆ ಬಂದು, ಮುಖಗಳನ್ನು ನೋಡಿ, ಮತ್ತೆ ಹಿಂದಕ್ಕೆ ಸರಿಯುತ್ತಿದ್ದರು. ನನ್ನ ತಂದೆಯವರು ನಾಲ್ಕನೆಯ ಕೇಜಿನಲ್ಲಿ ಬಂದರು. ತಾಯಿಯವರು ಅವರ ಕೈ ಹಿಡಿದುಕೊಂಡರೇ ಹೊರತು ಅಲ್ಲಿಂದ ಕದಲಲಿಲ್ಲ. ಕೊನೆಯ ಕೇಜು ಬರುವವರೆಗೆ ಉಳಿದ ಹೆಂಗಸರೊಡನೆ ನಿಂತರು. ಸುಳ್ಳು ನ್ಯೂಟ್ರಿನೋಗಳ ಆ ಚಿತ್ರದಲ್ಲಿ ಸತ್ನಾಮನು ಕಾದ ಆ ಎರಡು ನಿಮಿಷ ನನಗೆ ಸತ್ಯವಾಗಿ ಕಂಡಿತು. ಅಷ್ಟಕ್ಕೇ ಟಿಕೀಟಿನ ಹಣ ಸಂದಿತೆಂದುಕೊಂಡು ಮನೆಗೆ ಬಂದೆನು.

ಮೂರು ವರ್ಷಗಳಾದ ಮೇಲೆ ಆ ಚಿತ್ರದ ಉಳಿದ ಸಾಲವು ನನ್ನ ತರಗತಿಗೇ ಬಂದಿತು. 2012ರ ಡಿಸೆಂಬರ್ 21ನೆಯ ತಾರೀಖು ಲೋಕವು ಮುಗಿಯುವದೆಂದು ಪುಕಾರು ಹುಟ್ಟಿತ್ತಷ್ಟೆ. ಅದು ಚಿತ್ರಕ್ಕಿಂತ ಹಳೆಯದು. ಆದರೂ ಮಕ್ಕಳ ಕಣ್ಣಿಗೆ ಅದನ್ನು ಕಟ್ಟಿಕೊಟ್ಟದ್ದು ಚಿತ್ರವೇ. ಹಾಸ್ಟೆಲಿನಲ್ಲಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, “ಇನ್ನು ಓದಿ ಏನು ಫಲ ಟೀಚರ್?” ಎಂದಳು. ಓದುವದಕ್ಕೆ ಸೋಮಾರಿತನವೆಂದು ನಾನು ಗೇಲಿಮಾಡಿದೆನು, ತರಗತಿಯೆಲ್ಲ ನಕ್ಕಿತು. ಆ ಸಂಜೆ ವಾರ್ಡನರು ಅವಳು ತಾಯಿಗೆ ಬರೆದ ಕಾಗದವನ್ನು ನನಗೆ ತೋರಿಸಿದರು. “20ನೇ ತಾರೀಖಿನೊಳಗೆ ಬಂದು ಕರೆದುಕೊಂಡು ಹೋಗಮ್ಮ. ಎಲ್ಲರೂ ಒಂದೇ ಕಡೆ ಇರೋಣ” ಎಂದಿತ್ತು.

1962ರ ಫೆಬ್ರವರಿಯ ಅಷ್ಟಗ್ರಹಕೂಟದಲ್ಲಿ ದೊಡ್ಡವರೇ ನಡುಗಿದ್ದನ್ನು ಕಂಡಿದ್ದ ನಾನು, ಆ ಹುಡುಗಿಯನ್ನು ನೋಡಿ ನಗಬಾರದಾಗಿತ್ತು. ಅವಳನ್ನು ಕರೆದು ಕ್ಷಮೆ ಕೇಳಿದೆನು. ಆಮೇಲೆ ಹೆಬ್ಬೆರಳಿನ ಉಗುರನ್ನು ನೋಡಿಕೊಳ್ಳಲು ಹೇಳಿ, ಸೂರ್ಯನಿಂದ ಬರುವ ನ್ಯೂಟ್ರಿನೋಗಳು ಪ್ರತಿ ಸೆಕೆಂಡಿಗೂ ಅಷ್ಟಗಲದೊಳಗೆ ಸುಮಾರು 6,500 ಕೋಟಿಯಂತೆ ಹಾದುಹೋಗುತ್ತಿವೆಯೆಂದೂ, ಅವಳು ಹುಟ್ಟಿದಂದಿನಿಂದ ಒಂದು ಗಳಿಗೆಯೂ ನಿಂತಿಲ್ಲವೆಂದೂ ತಿಳಿಸಿದೆನು. ಕೋಲಾರದ ಕಥೆಯನ್ನೂ ಹೇಳಿದೆನು. ಬಹಳ ಹೊತ್ತು ಉಗುರನ್ನು ನೋಡಿ, “ಬಿಸಿಯೇ ಇಲ್ಲವಲ್ಲ!” ಎಂದಳು.

ಹನುಮಂತನ ಹೋಲಿಕೆಯು ಸಲ್ಲದೆಂದು ನನಗೆ ಅರಿವಾದದ್ದು ಆಗ. ಆಟದಲ್ಲಿ ಕಿರೀಟವಿರುತ್ತದೆ, ಬಣ್ಣವಿರುತ್ತದೆ, ಭಾಗವತರು ಪಕ್ಕದಲ್ಲಿಯೇ ಹಾಡುತ್ತಿರುತ್ತಾರೆ. ಇದು ಕಥೆಯೆಂದು ಮಗುವಿಗೂ ತಿಳಿಯುವದು. ಈ ಚಿತ್ರಗಳಾದರೋ ಪ್ರಯೋಗಶಾಲೆಯ ವೇಷವನ್ನೇ ಹಾಕಿಕೊಂಡು ಬರುತ್ತವೆ. ಸುಳ್ಳನ್ನು ಬಲ್ಲ ನನಗೆ ಅದು ವಿನೋದ. ಅದರ ಬೆಲೆಯನ್ನು ತೆತ್ತವಳು ಅರಿಯದ ಆ ಹುಡುಗಿ.

ಹಾಗೆಂದು ಚಿತ್ರ ತೆಗೆಯುವವರು ಎಲ್ಲವನ್ನೂ ಪಾಠಪುಸ್ತಕದಂತೆ ಒಪ್ಪಿಸಬೇಕೆಂದು ನಾನು ಹೇಳೆನು, ಅಂಥದನ್ನು ನೋಡುವವರಾರು? ವಿಪತ್ತಿನ ಕಾರಣವನ್ನು ಅವರು ಬೇಕಾದಂತೆ ಕಟ್ಟಿಕೊಳ್ಳಲಿ. ಅದರ ಗುರುತುಗಳನ್ನು ಕೆಡಿಸುವದನ್ನು ಮಾತ್ರ ನಾನು ಒಪ್ಪಲಾರೆ. ಚಿತ್ರಗಳಲ್ಲಿ ಸುನಾಮಿಯೆಂದರೆ ಆಕಾಶದೆತ್ತರ ಎದ್ದುನಿಂತ ನೀರಿನ ಗೋಡೆ. ನಿಜವಾದ ಸುನಾಮಿಗೆ ಮುಂಚೆ ಎಷ್ಟೋ ಕಡೆಗಳಲ್ಲಿ ಕಡಲು ಸದ್ದಿಲ್ಲದೆ ಹಿಂದಕ್ಕೆ ಸರಿಯುವದು. ಆಮೇಲೆ ನೆರೆಯಂತೆ ಏರುತ್ತಲೇ ಬರುವದು. ಗೋಡೆಯನ್ನು ಎದುರುನೋಡುವವನು ಬರಿದಾದ ಮರಳಿನ ಮೇಲೆ ನಿಂತು ಮೀನನ್ನು ಆರಿಸುತ್ತಿರುತ್ತಾನೆ. 2004ರ ಡಿಸೆಂಬರ್ 26ರಂದು ಥೈಲೆಂಡಿನ ಫುಕೆಟ್ ದ್ವೀಪದ ತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಬಾಲಕಿಯು, ಕಡಲು ನೊರೆಗಟ್ಟುತ್ತಿದ್ದ ಬಗೆಯನ್ನು ಕಂಡು ಗುರುತಿಸಿದಳು. ಕೆಲವು ದಿನಗಳ ಹಿಂದೆಯಷ್ಟೆ ಶಾಲೆಯ ಭೂಗೋಳದ ತರಗತಿಯಲ್ಲಿ ಆ ಪಾಠವಾಗಿತ್ತು. ಅವಳು ಹಟಮಾಡಿ ಕೂಗಿದ್ದರಿಂದ ಆ ತೀರದಲ್ಲಿದ್ದ ಸುಮಾರು ನೂರು ಮಂದಿ ಬದುಕಿಕೊಂಡರು.

ಕಾಗದ ಬರೆದಿದ್ದ ನನ್ನ ಶಿಷ್ಯೆಯು ಮುಂದಿನ ಮಾರ್ಚಿಯಲ್ಲಿ ಪರೀಕ್ಷೆಗೆ ಕುಳಿತು ಉತ್ತೀರ್ಣಳಾದಳು. ಈಗ ಕೆಲಸದಲ್ಲಿದ್ದಾಳೆ. 2022ರಲ್ಲಿ ಒಂದು ದಿನ ಅವಳಿಂದ ಫೋನು ಬಂದಿತು. “ಟೀಚರ್, ‘ಮೂನ್‌ಫಾಲ್’ ಅಂತ ಹೊಸದೊಂದು ಬಂದಿದೆ. ಇದರಲ್ಲಿ ಚಂದ್ರನೇ ಕೆಳಕ್ಕೆ ಬೀಳುತ್ತಾನಂತೆ. ಬರುತ್ತೀರಾ?” ಎಂದಳು.

ಆಟವು ಎಷ್ಟು ಗಂಟೆಗೆಂದು ಕೇಳಿದೆನು.