ಇಳಿಯುವ ಕೆಲಸ

ಐವತ್ತೊಂಬತ್ತು ದಾಟಿದವನೊಬ್ಬನು ಒಂಟಿಯಾಗಿ ಮೋಟಾರು ಸೈಕಲ್ಲನ್ನೇರಿ ಘಟ್ಟ ಇಳಿಯಲು ಹೊರಟರೆ ಮನೆಯವರು ಮೊದಲು ನಗುತ್ತಾರೆ. ಅವನು ನಿಜವಾಗಿಯೂ ಬೂಟು ಹಾಕಿಕೊಂಡುದನ್ನು ಕಂಡ ಮೇಲೆ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. “ದೀಪ ಹಚ್ಚುವ ಹೊತ್ತಿಗೆ ಬಂದುಬಿಡಿ” ಎಂದಷ್ಟೇ ಹೇಳಿ ನನ್ನಾಕೆ ಒಳಗೆ ಹೋದಳು.

ಗಾಡಿ ನಾನು ಕೊಂಡದ್ದಲ್ಲ, ಅಪ್ಪಯ್ಯನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, 1982ರಲ್ಲಿ ಕೊಂಡದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಗಾಡಿ ಮಾತ್ರ ನರಸಿಂಹರಾಜಪುರದ ನಮ್ಮ ಮನೆಯಲ್ಲಿ ಉಳಿದುಕೊಂಡಿತ್ತು. ಇದೀಗ ಬೆಂಗಳೂರಿನ ತರುಣರೊಬ್ಬರು ಒಳ್ಳೆಯ ಬೆಲೆ ಹೇಳಿ, ಭಾನುವಾರ ಬರುವೆನೆಂದಿದ್ದರು. ಹಿಂದಿನ ಮಳೆಗಾಲದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡವನು ನಾನು. ಈ ಗಾಡಿಯನ್ನು ಇಟ್ಟುಕೊಳ್ಳಲು ನನಗಿನ್ನೂ ಯೋಗ್ಯತೆಯುಂಟೇ ಎಂಬುದನ್ನು ಅಷ್ಟರೊಳಗೆ ತಿಳಿಯಬೇಕಾಗಿತ್ತು. ಅದಕ್ಕೆಂದೇ ಗುರುವಾರ ಬೆಳಗ್ಗೆ ಹೊರಟೆ.

ಕಾರ್ತೀಕದ ಮಂಜು ಕೊಪ್ಪದ ಅಡಿಕೆತೋಟಗಳ ಮೇಲೆ ಇನ್ನೂ ಹರಡಿತ್ತು. ಹರಿಹರಪುರದಲ್ಲಿ ತುಂಗೆಯನ್ನು ಕಂಡೆ. ಶೃಂಗೇರಿಯಲ್ಲಿ ಮತ್ತೆ ಅದೇ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕಿದೆ. ವಿದ್ಯಾಶಂಕರ ದೇಗುಲದ ಹನ್ನೆರಡು ರಾಶಿಕಂಬಗಳ ನಡುವೆ ಅಪ್ಪಯ್ಯ ನನ್ನ ರಾಶಿಯ ಕಂಬವನ್ನು ಹುಡುಕಿ ತೋರಿಸಿದ್ದು ನೆನಪಾಯಿತು. ಅಲ್ಲಿಂದ ಕಾಡಿನ ದಾರಿ ಹಿಡಿದು ಆಗುಂಬೆಗೆ ಬಂದೆ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿದೆ. ಅಲ್ಲಿಂದ ರಸ್ತೆಯು ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯುತ್ತದೆ. “ಘಟ್ಟ ಹತ್ತುವುದು ಇಂಜಿನ್ನಿನ ಕೆಲಸ, ಇಳಿಯುವುದು ಮನುಷ್ಯನ ಕೆಲಸ” ಎಂದು ಅಪ್ಪಯ್ಯ ಹೇಳುತ್ತಿದ್ದರು. ಈ ಗಾಡಿಯ ಮಟ್ಟಿಗಂತೂ ಅದು ಅಕ್ಷರಶಃ ನಿಜ. ಇಳಿಜಾರಿನಲ್ಲಿ ಇದರ ಇಂಜಿನ್ನು ವೇಗವನ್ನು ಹಿಡಿದು ನಿಲ್ಲಿಸುವುದು ಕಡಿಮೆ. ಇದಕ್ಕೆ ಬೇಕಾದ ಎಣ್ಣೆಯೂ ಪೆಟ್ರೋಲಿನೊಡನೆ ಬೆರೆತೇ ಬರಬೇಕು. ಎಕ್ಸಲರೇಟರನ್ನು ಪೂರ್ತಿ ಬಿಟ್ಟು ಬಹಳ ದೂರ ಇಳಿದರೆ ಎಣ್ಣೆಯೂ ಸಾಲದಾಗುತ್ತದೆ. ಆದುದರಿಂದ ಆಗಾಗ ತುಸು ತಿರುಗಿಸಿ ಇಂಜಿನ್ನಿನ ಗಂಟಲು ನೆನೆಸುತ್ತ, ಎರಡೂ ಬ್ರೇಕುಗಳನ್ನು ಮಿತವಾಗಿ ಬಳಸುತ್ತ ಇಳಿಯಬೇಕು.

ಇದೆಲ್ಲವೂ ನನಗೆ ಬಾಯಿಪಾಠವಾಗಿತ್ತು. ಆದರೂ ಏಳನೆಯ ತಿರುವಿನಲ್ಲಿ ಮಿನಿ ಬಸ್ಸೊಂದು ಎದುರಾದಾಗ ಪಾಠ ಮರೆತುಹೋಯಿತು. ಹಿಂದಿನ ಬ್ರೇಕನ್ನು ಬಲವಾಗಿ ತುಳಿದೆ. ಇಬ್ಬನಿಯಿಂದ ತೊಯ್ದ ತರಗೆಲೆಗಳ ಮೇಲೆ ಚಕ್ರ ಜಾರಿತು. ಗಾಡಿ ಅಡ್ಡವಾಗಿ ತಡೆಗೋಡೆಯ ಪಕ್ಕದಲ್ಲಿ ನಿಂತಿತು; ನಾನು ಬೀಳಲಿಲ್ಲ. ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, “ಎಂತ ಮಾರಾಯ್ರೆ, ಸ್ವಲ್ಪ ನಿಧಾನ!” ಎಂದು ಹೇಳಿ ಮೇಲಕ್ಕೆ ಹೋದನು. ಮುರಿದು ಕೂಡಿದ ಕೈ ನಡುಗುತ್ತಿತ್ತು. ಗೋಡೆಯ ಮೇಲೆ ಕುಳಿತೆ.

ಅಲ್ಲಿ ನನಗೆ 1997ರ ದೀಪಾವಳಿ ನೆನಪಾಯಿತು. ಅಂದು ಅಪ್ಪಯ್ಯನಿಗೆ ಅರುವತ್ತು. ಯಾರೂ ಕೇಳದಿದ್ದರೂ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಇನ್ನು ನೀನೇ ನೋಡಿಕೊ” ಎಂದಿದ್ದರು. ಅಪ್ಪಯ್ಯ ಹೆದರಿಬಿಟ್ಟರೆಂದು ಆಗ ನಾನು ಒಳಗೊಳಗೇ ನಕ್ಕಿದ್ದೆ. ಯಾವ ತಿರುವಿನಲ್ಲಿ ಅವರ ಕೈ ನಡುಗಿತ್ತೋ, ನಾನು ಎಂದೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಉಳಿದ ಏಳು ತಿರುವುಗಳನ್ನು ಎರಡನೆಯ ಗೇರಿನಲ್ಲಿ, ಕೊಟ್ಟಿಗೆಯಿಂದ ಹಸುವನ್ನು ಹೊರಗೆ ತರುವವನ ಹಾಗೆ, ಇಳಿದೆ. ಸೋಮೇಶ್ವರದಲ್ಲಿ ಒಂದು ಲೋಟ ಕಾಫಿ ಕುಡಿದು ಮತ್ತೆ ಹತ್ತಿದೆ. ಸೂರ್ಯಾಸ್ತವನ್ನು ನೋಡಲು ಆಗುಂಬೆಯಲ್ಲಿ ನಿಲ್ಲಲಿಲ್ಲ. ಮನೆಯಲ್ಲಿ ಮಾತು ಕೊಟ್ಟಿದ್ದೆ.

ಭಾನುವಾರ ಆ ತರುಣರು ಬಂದರು. ನಾನು ಹಣ ಎಣಿಸುವ ಮೊದಲು ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನೂ ಇಳಿಜಾರಿನಲ್ಲಿ ಎಕ್ಸಲರೇಟರು ತಿರುಗಿಸುವುದನ್ನೂ ಅರ್ಧ ಗಂಟೆ ವಿವರಿಸಿದೆ. ಅವರು ಸೌಜನ್ಯದಿಂದ ತಲೆಯಾಡಿಸಿದರು, ಒಳಗೊಳಗೇ ನಗುತ್ತಿದ್ದಿರಬಹುದು. ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟೆ. ಬಾಗಿಲಲ್ಲಿ ನಿಂತಿದ್ದ ನನ್ನಾಕೆ, “ಕಾಫಿ ಆರುತ್ತಿದೆ, ಬನ್ನಿ” ಎಂದು ಇಬ್ಬರನ್ನೂ ಒಳಕ್ಕೆ ಕರೆದಳು.